ಗಿಡಕ್ಕೆ ಹಿಡಿದ ಕೊಡೆ

ಇದು ಯಾವ ಊರಿನ ಕಥೆ ಅಂತ ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಹೊಳೆಯ ಆಚೆ ದಡದವರು ನಮ್ಮದು ಅಂತಾರೆ, ಈಚೆ ದಡದವರು ನಮ್ಮದು ಅಂತಾರೆ, ಜಗಳ ಬಿಡಿಸೋ ಕೆಲಸ ನನ್ನ ತಲೆಗೆ ಬೀಳುತ್ತೆ. ಒಂದು ಹೊಳೆ ಇತ್ತು. ದಡದಲ್ಲಿ ಒಂದು ಆಶ್ರಮ ಇತ್ತು. ಅಲ್ಲೊಬ್ಬ ಗುರು ಇದ್ದರು. ಇಷ್ಟು ಸಾಕು.

ಗುರುವನ್ನು ಜನ ಅಜ್ಜಯ್ಯ ಅನ್ನುತ್ತಿದ್ದರು. ಮಾತು ಕಮ್ಮಿ, ನಗು ಜಾಸ್ತಿ. ಶಿಷ್ಯನ ಹೆಸರು ಕೊಟ್ರೇಶಿ. ಅವನದು ಪೂರಾ ಉಲ್ಟಾ.

ಆ ಆಶ್ರಮದಲ್ಲಿ ಚೈತ್ರದ ಹುಣ್ಣಿಮೆಗೆ ಗಿಡದ ಹಬ್ಬ. ಗಿಡ ನೆಡುವುದು ಮುಂಗಾರಿನಲ್ಲಿ. ಆಗ ಹಬ್ಬವೂ ಇಲ್ಲ, ಹೋಳಿಗೆಯೂ ಇಲ್ಲ, ಕೈತುಂಬ ಕೆಸರು ಅಷ್ಟೆ. ಹಬ್ಬ ಇರುವುದು ನೆತ್ತಿ ಸುಡುವ ಬಿಸಿಲಿನಲ್ಲಿ. ಅವತ್ತು ಸುತ್ತಲಿನ ಹಳ್ಳಿಯ ಜನ ಒಬ್ಬೊಬ್ಬರು ಒಂದೊಂದು ಕೊಡ ನೀರು ಹೊತ್ತು ಬಂದು, ತಾವು ನೆಟ್ಟ ಗಿಡಕ್ಕೆ ಎರೆದು, ಆಮೇಲೆ ಊಟಕ್ಕೆ ಕೂರಬೇಕು. ಹೊಳೆ ಪಕ್ಕದಲ್ಲೇ ಹರಿಯುತ್ತಿದ್ದರೂ ನೀರು ಮನೆಯಿಂದಲೇ ಬರಬೇಕು.

"ಇದೆಂಥ ಪದ್ಧತಿ ಅಜ್ಜಯ್ಯ? ಹೊಳೆ ಇಲ್ಲೇ ಇದೆಯಲ್ಲ?" ಅಂತ ಕೊಟ್ರೇಶಿ ಹೊಸದಾಗಿ ಬಂದಾಗ ಕೇಳಿದ್ದ.

"ನೀರು ಎಷ್ಟು ಭಾರ ಅಂತ ಸೊಂಟಕ್ಕೆ ಗೊತ್ತಾಗಲಿ," ಅಂದಿದ್ದರು ಅಜ್ಜಯ್ಯ.

ಇನ್ನೊಂದು ಪದ್ಧತಿಯೂ ಇತ್ತು. ಎಲೆ ಹಾಕುವ ಮುಂಚೆ ಅಜ್ಜಯ್ಯ ಎದ್ದು ನಿಂತು, ಈ ಹಬ್ಬ ಹೇಗೆ ಹುಟ್ಟಿತು ಅಂತ ಹೇಳಬೇಕು. ಅವರು ಹೇಳುತ್ತಲೂ ಇದ್ದರು. ತೊಂದರೆ ಏನಪ್ಪಾ ಅಂದರೆ, ವರ್ಷಕ್ಕೊಂದು ಕಥೆ ಹೇಳುತ್ತಿದ್ದರು.

ಒಂದು ವರ್ಷ, ಮರವೇ ಇಲ್ಲದ ಬಯಲಿಗೆ ಒಂದು ಸಂಸಾರ ಬದುಕಲು ಹೋಯಿತಂತೆ. ಬಾಣಂತಿಯ ಮಗುವಿಗೆ ತೊಟ್ಟಿಲು ಕಟ್ಟೋಣ ಅಂದರೆ ಒಂದು ಕೊಂಬೆ ಇಲ್ಲ. ಗಂಡ ಅವತ್ತೇ ಸಸಿ ಹುಡುಕಲು ಹೊರಟನಂತೆ. ಹಬ್ಬ ಹುಟ್ಟಿದ್ದು ಹಾಗೆ.

ಇನ್ನೊಂದು ವರ್ಷ, ಹೊಳೆ ಹೊಲಸಾಗಿ ಹೆಂಗಸರೆಲ್ಲ ಖಾಲಿ ಕೊಡ ಹೊತ್ತು ರಾಜನ ಬಾಗಿಲಿಗೆ ಹೋಗಿ ಕೂತರಂತೆ. ರಾಜನಿಗೆ ಕುಡಿಯಲು ನೀರು ಕೊಡುವವರು ಒಬ್ಬರೂ ಇಲ್ಲದೆ ಬುದ್ಧಿ ಬಂತಂತೆ. ಹಬ್ಬ ಹುಟ್ಟಿದ್ದು ಹಾಗೆ.

ಮತ್ತೊಂದು ವರ್ಷ ಬರೀ ಒಂದು ಕಾಗೆ ಮತ್ತು ಬೇವಿನ ಹಣ್ಣಿನ ಕಥೆ. ಜನ ಅದಕ್ಕೂ ತಲೆದೂಗಿ, ಹೋಳಿಗೆ ತಿಂದು ಹೋದರು.

ಕೊಟ್ರೇಶಿಗೆ ಮಾತ್ರ ಇದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತಾಗಿತ್ತು. (ಆಶ್ರಮದವನಿಗೆ ಮೀನಿನ ಮುಳ್ಳು ಹೇಗೆ ಗೊತ್ತು ಅಂತ ನೀವು ಕೇಳಬಾರದು.)

ಆ ವರ್ಷ ಯುಗಾದಿ ಕಳೆದ ಮಾರನೇ ದಿನ ಅಜ್ಜಯ್ಯ ಅವನನ್ನು ಕರೆದರು.

"ಕೊಟ್ರೇಶಿ, ಈ ಸಲ ಹಬ್ಬ ನಿಂದು. ಚಪ್ಪರದಿಂದ ಹಿಡಿದು ಹೋಳಿಗೆ ತನಕ."

ಕೊಟ್ರೇಶಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

"ಹಬ್ಬದ ಹುಟ್ಟನ್ನೂ ನೀನೇ ಹೇಳಬೇಕು."

ಕಾಲು ನೆಲಕ್ಕೆ ಬಂತು.

"ಯಾವುದನ್ನ ಹೇಳಲಿ ಅಜ್ಜಯ್ಯ? ತೊಟ್ಟಿಲಿನದೋ, ಕೊಡದ್ದೋ, ಕಾಗೆಯದ್ದೋ?"

"ನಿಜವಾದ್ದು."

"ಅದು ಯಾವುದು?"

"ನಿನಗೆ ಗೊತ್ತಾದರೆ ನನಗೂ ಹೇಳು," ಅಂದು ಅಜ್ಜಯ್ಯ ಸ್ನಾನಕ್ಕೆ ಹೋದರು.

ಅಲ್ಲಿಂದ ಕೊಟ್ರೇಶಿಗೆ ನಿದ್ದೆಯಿಲ್ಲ. ಸುತ್ತಲಿನ ಜನರ ಮುಂದೆ ಮೊದಲ ಸಲ ನಿಲ್ಲಬೇಕು. ಬಾಯಿ ಒಣಗಿದರೆ ಮಾನ ಹೋಯಿತು. ಆಮೇಲೆ ಅಜ್ಜಯ್ಯ ಒಂದು ಕಡ್ಡಿ ಎತ್ತಿಡುವ ಕೆಲಸವನ್ನೂ ತನ್ನನ್ನು ನಂಬಿ ಕೊಡಲಾರರು ಅಂತ ಅವನ ಭಯ.

ಹಳಬರನ್ನು ಕೇಳಿ ನೋಡೋಣ ಅಂತ ಹೊಳೆ ದಾಟಿ ದೇವೀರವ್ವನ ಮನೆಗೆ ಹೋದ. ಆಕೆ ಲಂಗ ಉಡುವ ಕಾಲದಿಂದ ಹಬ್ಬಕ್ಕೆ ಬರುತ್ತಿದ್ದ ಮುದುಕಿ. ಬಾಯಿ ಮೆಣಸಿನಕಾಯಿ, ಮನಸ್ಸು ಬೆಲ್ಲ.

"ಅವ್ವಾ, ಈ ಹಬ್ಬ ಯಾವಾಗ ಶುರುವಾಯ್ತು?"

"ನಂಗೇನು ಗೊತ್ತೋ? ನಾನು ಬರೋದು ಹೋಳಿಗೆಗೆ."

"ಅಷ್ಟೇನಾ?"

"ಅಷ್ಟೇ ಯಾಕೆ, ನನ್ನ ಮಾವಿನ ಗಿಡ ಇಲ್ವಾ ಅಲ್ಲಿ? ಅದನ್ನ ನೋಡೋಕೆ ಬರ್ತೀನಿ. ಹೆಂಗೈತೆ ಅದು? ಚಿಗುರಿದೆಯಾ?"

ಆ ಗಿಡದ ಸಂಗತಿ ಎಲ್ಲರಿಗೂ ಗೊತ್ತಿತ್ತು. ದೇವೀರವ್ವನ ತವರಿನ ಹಿತ್ತಲಲ್ಲಿ ಒಂದು ಮಾವಿನ ಮರ ಇತ್ತು. ಅಣ್ಣ ತೀರಿಕೊಂಡ, ಮನೆ ಬೇರೆಯವರ ಪಾಲಾಯಿತು, ಮರಕ್ಕೆ ಗರಗಸ ಬಿತ್ತು. ಆ ವರ್ಷದ ಕೊನೆಯ ಹಣ್ಣಿನ ಗೊರಟೆಯನ್ನು ಆಕೆ ಸೆರಗಿನಲ್ಲಿ ಗಂಟು ಕಟ್ಟಿ ತಂದು ಆಶ್ರಮದ ಬಯಲಲ್ಲಿ ಊರಿದ್ದಳು. ತವರು ಅಂತ ಆಕೆಗೆ ಉಳಿದದ್ದು ಅದೊಂದೇ. ಈಗ ಅದು ಆಳೆತ್ತರ.

"ಮೈತುಂಬ ಚಿಗುರಿದೆ ಅವ್ವಾ. ತಾಮ್ರದ ಬಣ್ಣ," ಅಂದ ಕೊಟ್ರೇಶಿ.

ದೇವೀರವ್ವ ಖುಷಿಗೆ ಅವನ ಕೈಗೆ ಒಂದು ಹಿಡಿ ಹುರಿಗಡಲೆ ಹಾಕಿದಳು.

ಹಬ್ಬದ ಹುಟ್ಟು ಸಿಗಲಿಲ್ಲ. ಆಗ ಕೊಟ್ರೇಶಿ ಒಂದು ಉಪಾಯ ಮಾಡಿದ. ಹೇಳುವುದರಲ್ಲಿ ಕೊರತೆಯಾದರೆ ತೋರಿಸುವುದರಲ್ಲಿ ಮುಚ್ಚಿ ಹಾಕುವುದು! ನಮ್ಮಲ್ಲಿ ಎಷ್ಟು ಹಬ್ಬಗಳು ನಡೆಯುವುದೇ ಹೀಗೆ, ಬಿಡಿ.

ಚಪ್ಪರ ಕಟ್ಟುವ ಮೈಲಾರಪ್ಪನನ್ನು ಕರೆಸಿ, ಇಡೀ ಅಂಗಳಕ್ಕೆ ತೆಂಗಿನ ಗರಿಯ ಚಪ್ಪರ ಹಾಕಿಸಿದ. ಕಂಬ ಕಂಬಕ್ಕೂ ಬಾಳೆ. ರಂಗೋಲಿಗೆ ನಾಲ್ಕು ಬಣ್ಣ. ಉಳಿದದ್ದು ತೋರಣ.

ಹಿಂದಿನ ದಿನ ಸಂಜೆ ತೋರಣಕ್ಕೆ ಮಾವಿನ ಎಲೆ ಬೇಕಾಯಿತು. ದೊಡ್ಡ ಮರಗಳ ಎಲೆ ಎತ್ತರದಲ್ಲಿ, ಹತ್ತಿದರೆ ಕೆಂಜಿಗ ಇರುವೆ ಬಿಡುವುದಿಲ್ಲ. ಎದುರಿಗೇ ದೇವೀರವ್ವನ ಗಿಡ. ಕೈಗೆ ಎಟುಕುವ ಎತ್ತರ. ತಾಮ್ರದ ಚಿಗುರು ಸಂಜೆ ಬಿಸಿಲಿಗೆ ಮಿಂಚುತ್ತಿತ್ತು.

'ಎಲೆ ತಾನೆ, ಮತ್ತೆ ಬರುತ್ತೆ,' ಅಂದುಕೊಂಡ ಕೊಟ್ರೇಶಿ. 'ತನ್ನ ಗಿಡದ ಎಲೆ ಬಾಗಿಲಿಗೆ ಏರಿದೆ ಅಂದರೆ ದೇವೀರವ್ವ ಉಬ್ಬಿ ಹೋಗುತ್ತಾಳೆ.'

ಮೊದಲು ಒಂದು ಕೊಂಬೆ. ತೋರಣದ ದಾರ ಇನ್ನೂ ಉಳಿಯಿತು. ಇನ್ನೊಂದು ಕೊಂಬೆ. ಬಾಗಿಲಿಗೆ ಆಯಿತು, ಚಪ್ಪರದ ಮುಂಭಾಗ ಬೋಳಾಗಿ ಕಾಣಿಸಿತು. ಹಾಗೇ ಕೈ ಹೋಗುತ್ತಾ ಹೋಗುತ್ತಾ, ಕೊನೆಗೆ ಚಪ್ಪರ ತುಂಬಿತು, ಗಿಡ ಬೋಳಾಯಿತು.

ಬೆಳಗ್ಗೆ ಅಜ್ಜಯ್ಯ ಬಂದು ತೋರಣ ನೋಡಿದರು. ಬಗ್ಗಿ ಒಳಗೆ ಬಂದರು.

"ಚೆನ್ನಾಗಿದೆಯಾ ಅಜ್ಜಯ್ಯ?"

"ತುಂಬಾ ಚೆನ್ನಾಗಿದೆ. ಇವತ್ತು ಯಾರ ಹಬ್ಬ?"

"ಗಿಡದ ಹಬ್ಬ."

"ಹೌದಾ?" ಅಂದು ಅಜ್ಜಯ್ಯ ಒಳಗೆ ಹೋಗಿ, ತೇಪೆ ಹಾಕಿದ ತಮ್ಮ ಕರಿ ಕೊಡೆ ತಂದರು. ಬಯಲಿಗೆ ನಡೆದರು. ಬೋಳು ಮಾವಿನ ಪಕ್ಕ ಕಲ್ಲಿನ ಮೇಲೆ ಕೂತು, ಕೊಡೆ ಬಿಚ್ಚಿ, ಗಿಡಕ್ಕೆ ಹಿಡಿದರು. ತಾವು ಬಿಸಿಲಲ್ಲಿ.

ಕೊಟ್ರೇಶಿ ಓಡಿ ಬಂದ.

"ಅಜ್ಜಯ್ಯ! ಜನ ಬರೋ ಹೊತ್ತಾಯ್ತು. ಚಪ್ಪರದಲ್ಲಿ ಗದ್ದಿಗೆ ಹಾಕಿದೀನಿ, ಬನ್ನಿ."

"ಇವನಿಗೆ ನೆರಳಿಲ್ಲವಲ್ಲಪ್ಪಾ."

"ಗಿಡಕ್ಕೆ ಯಾರಾದರೂ ಕೊಡೆ ಹಿಡೀತಾರಾ?"

"ನಿನ್ನೆ ಸಂಜೆ ತನಕ ಅವನದೇ ಕೊಡೆ ಅವನ ಹತ್ತಿರ ಇತ್ತು," ಅಂದರು ಅಜ್ಜಯ್ಯ. ಸಿಟ್ಟಿನಿಂದ ಅಲ್ಲ. ಎಂದಿನ ಹಾಗೆ ನಗುತ್ತಾ.

ಕೊಟ್ರೇಶಿ ಆಗ ಗಿಡವನ್ನು ನೋಡಿದ. ನಿನ್ನೆ ಕಿತ್ತವನು ಅವನೇ, ಆದರೆ ನೋಡಿದ್ದು ಈಗ. ಕಡ್ಡಿ ಕಡ್ಡಿ ಕೊಂಬೆ. ಎಲೆ ಕಿತ್ತ ಜಾಗದಲ್ಲಿ ಸೊನೆ ಒಣಗಿ ಕಪ್ಪಾಗಿತ್ತು. ಎಳೆ ತೊಗಟೆಗೆ ಬಿಸಿಲು ನೆಟ್ಟಗೆ ಹೊಡೆಯುತ್ತಿತ್ತು, ಮುಂಗಾರು ಬಹಳ ದೂರ ಇತ್ತು.

"ಇದು ಸಾಯುತ್ತಾ ಅಜ್ಜಯ್ಯ?"

ಅಜ್ಜಯ್ಯ ಕೊಡೆಯನ್ನು ಗಿಡದ ಕಡೆಗೆ ಇನ್ನಷ್ಟು ವಾಲಿಸಿದರು.

"ಕೊಡೆ ನನಗೆ ಕೊಡಿ. ನೀವು ಬಿಸಿಲಲ್ಲಿ ಕೂರಬೇಡಿ."

ಅಷ್ಟು ಹೇಳಿದ್ದೇ ತಡ, ಅಜ್ಜಯ್ಯ ಕೊಡೆ ಕೊಟ್ಟು, ಪಂಚೆ ಕೊಡವಿಕೊಂಡು, ಚಪ್ಪರದ ನೆರಳಿಗೆ ಹೋಗಿ ಆರಾಮಾಗಿ ಕೂತರು. ಪಾನಕವನ್ನೂ ತರಿಸಿಕೊಂಡರು.

ನೋಡಿ ಪಜೀತಿ! ಹಬ್ಬದ ಯಜಮಾನ ಬಯಲಲ್ಲಿ ಗಿಡಕ್ಕೆ ಕೊಡೆ ಹಿಡಿದು ನಿಂತಿದ್ದಾನೆ. ಆ ಕಡೆ ಕೊಡ ಹೊತ್ತ ಜನ ಸಾಲು ಸಾಲಾಗಿ ಬರುತ್ತಿದ್ದಾರೆ. ಬಂದವರೆಲ್ಲ ಒಂದೊಂದು ಮಾತು ಎಸೆದೇ ಹೋಗುವವರು.

"ಏನ್ ಕೊಟ್ರೇಶಿ, ಗಿಡಕ್ಕೆ ಮಳೆ ಬಂತಾ?"

"ಗಿಡವೇನು ಮದುವೆ ಗಂಡಾ, ಕೊಡೆ ಹಿಡಿದೀಯ?"

ಕೊಟ್ರೇಶಿ ತಲೆ ತಗ್ಗಿಸಿ ನಿಂತ. ಕೊಡೆ ಬಿಟ್ಟು ಹೋಗುವಂತಿಲ್ಲ, ನಿಂತಿರಲು ಮುಖವಿಲ್ಲ. ಅವನ ಕಣ್ಣೆಲ್ಲ ಹೊಳೆಯ ಕಡೆಗೇ. ಅಲ್ಲಿಂದ ದೇವೀರವ್ವ ಬರಬೇಕು.

ಬಂದಳು. ತಾಮ್ರದ ಕೊಡ ಸೊಂಟಕ್ಕೆ ಏರಿಸಿ, ಮೊಣಕಾಲು ನೀರಿನಲ್ಲಿ ಹೊಳೆ ದಾಟಿ. ಬಾಗಿಲಲ್ಲಿ ನಿಂತು ತೋರಣ ನೋಡಿ, "ಆಹಾ, ಎಂಥ ಚಿಗುರೋ! ಯಾವ ತೋಟದ್ದು?" ಅಂತ ಕೇಳುತ್ತಾ ಬಂದವಳು, ಕೊಟ್ರೇಶಿಯನ್ನು ಕಂಡಳು. ಕೊಡೆಯನ್ನು ಕಂಡಳು. ಕೊಡೆಯ ಕೆಳಗಿನದನ್ನು ಕಂಡಳು.

ಸೊಂಟದ ಕೊಡವನ್ನು ನೆಲಕ್ಕೆ ಇಳಿಸಿದಳು.

"ಅವ್ವಾ, ನಾನೇ ಕಿತ್ತೆ," ಅಂದ ಕೊಟ್ರೇಶಿ. "ಹಬ್ಬ ಚೆಂದ ಕಾಣಲಿ ಅಂತ."

"ಅಯ್ಯೋ ನಿನ್ನ ಮನೆ ಹಾಳಾಗ! ಮದುವೆ ದಿನ ಮದುಮಗಳ ಜಡೆ ಕತ್ತರಿಸಿ ಚಪ್ಪರಕ್ಕೆ ಕಟ್ಟಿದಂಗೆ ಮಾಡೀಯಲ್ಲೋ!"

ದನಿ ಜೋರಾಗಿತ್ತು, ಕಣ್ಣಲ್ಲಿ ನೀರಿತ್ತು. ಆಕೆ ಬೋಳು ಕೊಂಬೆಯನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಜ್ವರ ಬಂದ ಮಗುವಿನ ಕೈಕಾಲು ಮುಟ್ಟಿದ ಹಾಗೆ. ಆಮೇಲೆ ಕೊಡ ಬಗ್ಗಿಸಿ ಬುಡಕ್ಕೆ ನೀರೆರೆದಳು. ಒಂದು ಹನಿ ಆಚೆ ಹೋಗಲಿಲ್ಲ.

ಬಡಿದಿದ್ದರೂ ಕೊಟ್ರೇಶಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಿಸಿಲು ಏರಿತು. ಅವನು ಕೊಡೆಯನ್ನು ಕೈಯಿಂದ ಕೈಗೆ ಬದಲಿಸಿದ. ಕೊಡೆಯ ನೆರಳು ಪುಟ್ಟದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಿಸಿಲು. ಅವನು ಸುತ್ತ ನೋಡಿದ. ಬಯಲಿನ ತುಂಬ ಕಳೆದ ಮುಂಗಾರಿನ ಸಸಿಗಳು, ಮೊಣಕಾಲೆತ್ತರ, ಬಾಡಿದ ಕಿವಿ ಇಳಿಬಿಟ್ಟುಕೊಂಡು ನಿಂತಿದ್ದವು. ಅತ್ತ ಚಪ್ಪರದ ಕೆಳಗೆ ತಂಪು ನೆರಳಿನಲ್ಲಿ ಜನ ಕಾಲು ಚಾಚಿ ಹರಟುತ್ತಿದ್ದರು.

ಕೊಟ್ರೇಶಿ ಸಸಿ ನೋಡಿದ. ಚಪ್ಪರ ನೋಡಿದ. ಮತ್ತೆ ಸಸಿ ನೋಡಿದ.

"ಅವ್ವಾ, ಒಂದು ಗಳಿಗೆ ಈ ಕೊಡೆ ಹಿಡಿ," ಅಂದ.

"ಯಾಕೋ? ಓಡಿ ಹೋಗ್ತೀಯಾ?"

"ಇಲ್ಲ. ಬರ್ತೀನಿ."

ಓಡಿದ್ದಂತೂ ಹೌದು. ಚಪ್ಪರಕ್ಕೆ ಓಡಿದ. ಕಂಬ ಹತ್ತಿದ. ಮೊದಲನೇ ಗರಿ ಬಿಚ್ಚಿ ಕೆಳಗೆ ಎಸೆದ. ಅದು ನೆಟ್ಟಗೆ ಮೈಲಾರಪ್ಪನ ತಲೆ ಮೇಲೆ ಬಿತ್ತು.

"ಏಯ್! ಏನಾಯ್ತೋ ನಿಂಗೆ? ಬೆನ್ನು ಮುರಿದು ಕಟ್ಟೀನಿ, ಊಟವೇ ಆಗಿಲ್ಲ, ಬಿಚ್ತೀಯಾ?"

"ಹಬ್ಬ ಇರೋದು ಅಲ್ಲಿ, ನೆರಳು ಹಾಕಿದ್ದು ಇಲ್ಲಿ! ತಪ್ಪು ನಂದು ಮೈಲಾರಣ್ಣ. ನೆರಳನ್ನ ಆ ಕಡೆ ಹೊತ್ತು ಹಾಕೋಣ, ಕೈ ಕೊಡು."

ಮೈಲಾರಪ್ಪ ಅಜ್ಜಯ್ಯನ ಮುಖ ನೋಡಿದ. ಅಜ್ಜಯ್ಯ ಪಾನಕದ ಲೋಟ ಕೆಳಗಿಟ್ಟು, ಎದ್ದು, ತಮ್ಮ ಗದ್ದಿಗೆಯ ಮೇಲಿದ್ದ ಗರಿಯನ್ನು ತಾವೇ ಎಳೆದರು.

ಆಮೇಲೆ ಕೇಳಬೇಕೇ! ಗಂಡಸರು ಗರಿ ಬಿಚ್ಚಿದರು, ಹೆಂಗಸರು ಹೊತ್ತರು, ಮಕ್ಕಳು ಗರಿ ಎಳೆದುಕೊಂಡು ಧೂಳೆಬ್ಬಿಸಿ ಓಡಿದರು. ಸಸಿ ಸಸಿಗೂ ಒಂದು ಗರಿ ಊರಿ, ಬಗ್ಗಿಸಿ, ಬಾಳೆ ನಾರಿನಲ್ಲಿ ಕಟ್ಟಿದರು. ಬೈಯುತ್ತಲೇ ಬಂದ ಮೈಲಾರಪ್ಪ, ಗರಿಯನ್ನು ಯಾವ ಕಡೆ ವಾಲಿಸಿದರೆ ಮಧ್ಯಾಹ್ನದ ಬಿಸಿಲು ತಡೆಯುತ್ತೆ ಅಂತ ಎಲ್ಲರಿಗೂ ಹೇಳಿಕೊಡುತ್ತಾ ಬಯಲೆಲ್ಲ ಸುತ್ತಿದ. ದೇವೀರವ್ವನ ಮಾವಿಗೆ ಎಲ್ಲಕ್ಕಿಂತ ದೊಡ್ಡ ಗರಿಗಳ ಪುಟ್ಟ ಚಪ್ಪರವೇ ಎದ್ದಿತು. ಕೊಟ್ರೇಶಿ ಬುಡಕ್ಕೆ ಒಣಹುಲ್ಲು ಹಾಸಿದ. ಇನ್ನೇನು ಹಾಕಲಿ ಅಂತ ಗೊತ್ತಾಗದೆ ತನ್ನ ಹೆಗಲ ವಸ್ತ್ರವನ್ನು ಒದ್ದೆ ಮಾಡಿ ಕಾಂಡಕ್ಕೆ ಸುತ್ತಿದ.

"ಪಂಚೆ ಮಾತ್ರ ಬಿಡಪ್ಪಾ," ಅಂದಳು ದೇವೀರವ್ವ. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಆಕೆಯೂ ನಕ್ಕಳು. ಕೊಟ್ರೇಶಿಗೆ ಹೋದ ಜೀವ ಬಂದಂತಾಯಿತು.

ಗಿಡಗಳಿಗೆಲ್ಲ ನೆರಳಾಯಿತು. ಜನಕ್ಕೆ ನೆರಳಿಲ್ಲ. ನೆತ್ತಿ ಮೇಲೆ ಸೂರ್ಯ, ಕೈಯಲ್ಲಿ ಎಲೆ, ಎಲೆಯಲ್ಲಿ ಹೋಳಿಗೆ. ಕೂರುವುದೆಲ್ಲಿ?

ಅಜ್ಜಯ್ಯ ತಮ್ಮ ಎಲೆ ಹಿಡಿದುಕೊಂಡು ಸೀದಾ ಹೊಳೆಗೆ ಇಳಿದರು. ಒಂದು ಬಂಡೆಯ ಮೇಲೆ ಕೂತು, ನೀರಿಗೆ ಕಾಲು ಬಿಟ್ಟು, ಹೋಳಿಗೆ ಮುರಿದರು.

ಜನ ನೋಡಿದರು. ಮರುಗಳಿಗೆ ಇಡೀ ಹಬ್ಬ ಹೊಳೆಗೆ ಇಳಿಯಿತು. ಬಂಡೆ ಸಿಕ್ಕವರು ಬಂಡೆ ಮೇಲೆ, ಸಿಗದವರು ಮೊಣಕಾಲು ನೀರಲ್ಲಿ ನಿಂತು, ತಲೆಗೆ ಒದ್ದೆ ಟವೆಲ್ಲು, ಒದ್ದೆ ಸೆರಗು. ಒಬ್ಬರ ಹೋಳಿಗೆ ನೀರಿಗೆ ಬಿದ್ದರೆ ಮೀನು ಮುತ್ತಿಕೊಂಡವು. "ಅವಕ್ಕೂ ಹಬ್ಬ, ಬಿಡ್ರೋ!" ಅಂತ ಕೂಗಿದರು. ಅಷ್ಟು ಚೆಂದದ ಊಟವನ್ನು ಯಾವ ಚಪ್ಪರದಲ್ಲೂ ಯಾರೂ ಉಂಡಿರಲಿಲ್ಲ.

"ಹಬ್ಬದ ಹುಟ್ಟು ಹೇಳಲೇ ಇಲ್ವಲ್ಲ!" ಅಂತ ಮೈಲಾರಪ್ಪನಿಗೆ ಥಟ್ಟನೆ ನೆನಪಾಯಿತು. "ಹೇಳು ಕೊಟ್ರೇಶಿ!"

ಎಲ್ಲ ಮುಖಗಳೂ ತಿರುಗಿದವು. ಕೊಟ್ರೇಶಿ ನೀರಲ್ಲೇ ನೆಟ್ಟಗೆ ನಿಂತ. ಉರುಹೊಡೆದಿದ್ದ ಮಾತೆಲ್ಲ ಹೊಳೆಯ ಜೊತೆ ಹರಿದು ಹೋಗಿತ್ತು.

"ನನಗೆ ಗೊತ್ತಿಲ್ಲ," ಅಂದ.

ಒದ್ದೆ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಮುಂದುವರಿಸಿದ.

"ಯಾವ ರಾಜ, ಯಾವ ಕಾಲ, ಯಾವ ಊರು, ಒಂದೂ ಗೊತ್ತಿಲ್ಲ. ಒಬ್ಬ ತಾಯಿ ಎಲ್ಲವನ್ನೂ ಕಳಕೊಂಡು ಒಂದು ಗೊರಟೆಯನ್ನ ಸೆರಗಲ್ಲಿ ಕಟ್ಟಿಕೊಂಡು ಬಂದಳು ಅನ್ನೋದು ಗೊತ್ತು. ಒಬ್ಬ ದಡ್ಡ ಅದರ ಎಲೆ ಕಿತ್ತು ಬಾಗಿಲಿಗೆ ಕಟ್ಟಿದ ಅನ್ನೋದೂ ಗೊತ್ತು. ನೀವೆಲ್ಲ ನಿಮ್ಮ ನೆರಳು ಬಿಚ್ಚಿ ಕೊಟ್ಟದ್ದನ್ನ ಕಣ್ಣಾರೆ ನೋಡಿದೆ. ಇಷ್ಟೇ ನನ್ನ ಹತ್ತಿರ ಇರೋದು."

ಹೇಳಿ ಕೂತುಬಿಟ್ಟ. ಬಂಡೆ ಇಲ್ಲ ಅನ್ನುವುದು ಮರೆತಿತ್ತು. ಎದೆ ತನಕ ನೀರು. ಹೊಳೆಗೆ ಹೊಳೆಯೇ ನಕ್ಕಿತು. ಅಜ್ಜಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಸಂಜೆ ಜನ ಚದುರಿದರು. ದೇವೀರವ್ವ ಹೊರಡುವಾಗ ತನ್ನ ತಾಮ್ರದ ಕೊಡವನ್ನು ಕೊಟ್ರೇಶಿಯ ಮುಂದಿಟ್ಟಳು.

"ಇದು ಇಲ್ಲೇ ಇರಲಿ, ಮುಂಗಾರು ಬೀಳೋತನಕ. ನನ್ನ ಗಿಡಕ್ಕೆ ನಮ್ಮ ಬಾವಿ ನೀರೇ ರೂಢಿ. ಬಾವಿ ಗೊತ್ತಲ್ಲ?"

"ಗೊತ್ತು ಅವ್ವಾ."

"ದಿನಾ ಬಂದರೆ ದಿನಾ ಹುರಿಗಡಲೆ," ಅಂದು ಆಕೆ ಹೊಳೆಗೆ ಇಳಿದಳು.

ಆಶ್ರಮದಲ್ಲಿ ಇಬ್ಬರೇ ಉಳಿದರು. ಅಂಗಳದಲ್ಲಿ ಬರೀ ಕಂಬ. ಬಯಲಿನ ತುಂಬ ಗರಿಯ ಟೋಪಿ ಹಾಕಿಕೊಂಡ ಗಿಡಗಳು. ಕೊಟ್ರೇಶಿಯ ಬಟ್ಟೆ ಇನ್ನೂ ಒದ್ದೆ, ತೋಳು ನೋಯುತ್ತಿತ್ತು, ಮನಸ್ಸು ಹಗುರವಾಗಿತ್ತು.

"ಹಬ್ಬ ಚೆನ್ನಾಗಿ ಆಯ್ತು ಅಲ್ವಾ ಅಜ್ಜಯ್ಯ?"

"ಹೋಳಿಗೆ ಚೆನ್ನಾಗಿತ್ತು."

ಕೊಟ್ರೇಶಿ ಅಂಗಳದಲ್ಲಿ ಬಿದ್ದಿದ್ದ ಬಾಳೆ ನಾರು ಆಯತೊಡಗಿದ. ಆದರೆ ಹುಟ್ಟುಗುಣ ಎಲ್ಲಿ ಬಿಡುತ್ತೆ?

"ಈಗ ಯಾರೂ ಇಲ್ಲ. ನನಗೊಬ್ಬನಿಗಾದರೂ ನಿಜ ಹೇಳಿ. ಈ ಹಬ್ಬ ಶುರುವಾದದ್ದು ಯಾವಾಗ?"

ಅಜ್ಜಯ್ಯ ಕೊಡೆ ಮಡಚಿದರು. ದೇವೀರವ್ವನ ಖಾಲಿ ಕೊಡವನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಇನ್ನೂ ಎಲ್ಲಿ ಶುರುವಾಗಿದೆ ಮಾರಾಯ? ನಾಳೆ ಬೆಳಗ್ಗೆ ಆಗುತ್ತೆ. ಬೇಗ ಏಳು."